ಫೌಸ್ಟೊ ಕೊಪ್ಪಿಯವರ ಸೈಕಲ್ ಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಿ ಯಾರು? ಅವರು ಗೆದ್ದದ್ದೇನು?

ಫೌಸ್ಟೊ ಕೊಪ್ಪಿ ಇಟಲಿಯ ವೃತ್ತಿಪರ ಸೈಕಲ್ ಸವಾರರು. 1919ರ ಸೆಪ್ಟೆಂಬರ್ 15ರಂದು ಹುಟ್ಟಿ 1960ರ ಜನವರಿ 2ರಂದು, ನಲವತ್ತನೆಯ ವಯಸ್ಸಿನಲ್ಲೇ ತೀರಿಕೊಂಡರು. ಜಿರೊ ಡಿ ಇಟಾಲಿಯಾವನ್ನು ಐದು ಬಾರಿ (1940, 1947, 1949, 1952, 1953) ಮತ್ತು ಟೂರ್ ಡಿ ಫ್ರಾನ್ಸನ್ನು ಎರಡು ಬಾರಿ (1949, 1952) ಗೆದ್ದರು. ಒಂದು ದಿನದ ರೇಸುಗಳಲ್ಲಿ ಮಿಲಾನ್–ಸಾನ್ ರೆಮೊ ಮೂರು ಸಲ, ಲೊಂಬಾರ್ಡಿಯಾ ಐದು ಸಲ, ಪ್ಯಾರಿಸ್–ರೂಬೆ ಒಂದು ಸಲ ಅವರದಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ರಸ್ತೆ ರೇಸಿನ ವಿಶ್ವ ಚಾಂಪಿಯನ್ ಆದರು.

ಪಟ್ಟಿ ಇಷ್ಟೇ ಎಂದು ಕೆಲವರಿಗೆ ನಿರಾಸೆಯಾಗುವುದುಂಟು, ಏಕೆಂದರೆ ಐದು ಟೂರ್ ಗೆದ್ದವರು ಆಮೇಲೆ ಹಲವರು ಬಂದರು. ಆದರೆ ಕೊಪ್ಪಿಯವರನ್ನು ಗೆಲುವುಗಳ ಸಂಖ್ಯೆಯಿಂದ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಅವರ ಹರೆಯದ ವರ್ಷಗಳನ್ನು ಯುದ್ಧ ನುಂಗಿತು, ಉಳಿದ ವರ್ಷಗಳಲ್ಲಿ ಅರ್ಧದಷ್ಟನ್ನು ಮುರಿದ ಮೂಳೆಗಳು ನುಂಗಿದವು. ಮಿಕ್ಕ ಅವಧಿಯಲ್ಲಿ ಅವರು ಎಷ್ಟು ಗೆದ್ದರು ಎನ್ನುವುದಕ್ಕಿಂತ, ಉಳಿದವರೆಲ್ಲ ಕಣ್ಣಿಗೆ ಕಾಣದಷ್ಟು ಹಿಂದೆ ಬೀಳುವಂತೆ ಒಬ್ಬರೇ ಹೇಗೆ ಗೆದ್ದರು ಎನ್ನುವುದೇ ಮುಖ್ಯ.

ಜಿರೊ ಮತ್ತು ಟೂರ್ ನಡುವೆ ಅಂದು ಏನು ವ್ಯತ್ಯಾಸವಿತ್ತು?

ಎರಡೂ ಸುಮಾರು ಮೂರು ವಾರಗಳ ರೇಸುಗಳು. ಪ್ರತಿದಿನದ ಓಟವನ್ನು ಒಂದು ಹಂತ ಎನ್ನುತ್ತಾರೆ. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರೇ ವಿಜೇತರು. ಮುನ್ನಡೆಯಲ್ಲಿರುವವರು ಜಿರೊದಲ್ಲಿ ಗುಲಾಬಿ ಜೆರ್ಸಿ, ಟೂರಿನಲ್ಲಿ ಹಳದಿ ಜೆರ್ಸಿ ತೊಡುತ್ತಾರೆ. ಕೊಪ್ಪಿಯವರ ಕಾಲದ ಒಂದು ಸಂಗತಿಯನ್ನು ಮಾತ್ರ ನೆನಪಿಡಬೇಕು: ಜಿರೊದಲ್ಲಿ ಸೈಕಲ್ ಕಂಪನಿಗಳ ತಂಡಗಳು ಸ್ಪರ್ಧಿಸುತ್ತಿದ್ದವು, ಟೂರಿನಲ್ಲಿ ದೇಶಗಳ ತಂಡಗಳು. ಹೀಗಾಗಿ ಮೇ ತಿಂಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೆಣಗಿದವರೇ ಜುಲೈಯಲ್ಲಿ ಒಂದೇ ಬಣ್ಣದ ಜೆರ್ಸಿ ತೊಟ್ಟು ಒಂದೇ ಊಟದ ಮೇಜಿಗೆ ಕೂರಬೇಕಾಗುತ್ತಿತ್ತು.

ಅವರು ಸೈಕಲ್ ರೇಸಿಗೆ ಬಂದದ್ದು ಹೇಗೆ?

ಇಟಲಿಯ ವಾಯವ್ಯ ಭಾಗದ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಅಲೆಸ್ಸಾಂಡ್ರಿಯಾ ಜಿಲ್ಲೆಗೆ ಸೇರಿದ ಗುಡ್ಡಗಾಡಿನಲ್ಲಿರುವ ಕಾಸ್ತೆಲ್ಲಾನಿಯಾ ಎಂಬ ಸಣ್ಣ ಹಳ್ಳಿ ಅವರ ಊರು. ಬೇಸಾಯದ ಮನೆತನ, ಐವರು ಮಕ್ಕಳು. ಹುಡುಗನಿಗೆ ಹೊಲದ ಕೆಲಸ ಒಗ್ಗಲಿಲ್ಲ, ಶಾಲೆಯೂ ರುಚಿಸಲಿಲ್ಲ. ಹದಿಮೂರರ ಸುಮಾರಿಗೆ ನೋವಿ ಲಿಗುರೆ ಪಟ್ಟಣದ ಒಂದು ಮಾಂಸದಂಗಡಿಯಲ್ಲಿ ಕೆಲಸಕ್ಕೆ ಸೇರಿ, ಗಿರಾಕಿಗಳ ಮನೆಗೆ ಸೈಕಲ್ಲಿನಲ್ಲಿ ಮಾಂಸ ತಲುಪಿಸತೊಡಗಿದರು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪನೊಬ್ಬರು ಕೊಟ್ಟ ದುಡ್ಡಿನಿಂದ ರೇಸ್ ಸೈಕಲ್ ಬಂತು.

ಆ ಅಂಗಡಿಗಿಂತ ಅವರ ಬದುಕಿನ ದಿಕ್ಕು ಬದಲಿಸಿದ್ದು ಅದೇ ಪಟ್ಟಣದ ಬಿಯಾಜಿಯೊ ಕವನ್ನಾ ಅವರ ಮನೆ. ಕವನ್ನಾ ಸವಾರರಿಗೆ ಮಾಲೀಶು ಮಾಡುವವರು, ತರಬೇತುದಾರರು, ಕಣ್ಣು ಕಾಣಿಸುತ್ತಿರಲಿಲ್ಲ. ಕೊಪ್ಪಿಗಿಂತ ಮೊದಲು ‘ಕಂಪಿಯೊನಿಸ್ಸಿಮೊ’, ಅಂದರೆ ಚಾಂಪಿಯನ್ನರ ಚಾಂಪಿಯನ್ ಎಂಬ ಬಿರುದು ಪಡೆದಿದ್ದ ಕೊಸ್ತಾಂತೆ ಜಿರಾರ್ದೆಂಗೊ ಅವರ ಕಾಲುಗಳನ್ನು ನೀವಿದ್ದ ಕೈಗಳು ಅವು. ಹೊಸ ಹುಡುಗ ಬಂದರೆ ಕವನ್ನಾ ತೊಡೆ, ಮೀನಖಂಡ, ಬೆನ್ನುಗಳನ್ನು ಬೆರಳಿನಿಂದ ಒತ್ತಿ, ನಾಡಿ ಹಿಡಿದು, ಆಮೇಲೆ ಮಾತಾಡುತ್ತಿದ್ದರು. ಉದ್ದ ಕಾಲು, ಕಡ್ಡಿಯಂಥ ಕೈ, ಮುಂದೆ ಉಬ್ಬಿದ ಎದೆಗೂಡಿನ ಈ ಹುಡುಗನನ್ನು ಕಣ್ಣಿದ್ದವರು ನೋಡಿದ್ದರೆ ಬಹುಶಃ ವಾಪಸು ಕಳಿಸುತ್ತಿದ್ದರು.

ಮುಂದೆ ಇಟಲಿಯ ಪತ್ರಿಕೆಗಳು ಅವರನ್ನು ‘ಬಕಪಕ್ಷಿ’ ಎಂದು ಕರೆದವು. ಕನ್ನಡದಲ್ಲಿ ಬಕ ಎಂದೊಡನೆ ಬಕಧ್ಯಾನ ನೆನಪಾಗಿ ಅರ್ಥ ಕೆಡುತ್ತದೆ. ಅವರು ಹೇಳಿದ್ದು ನೆಲದ ಮೇಲೆ ತೊಡರುತ್ತ ನಡೆದು ಗಾಳಿಯಲ್ಲಿ ಸಲೀಸಾಗಿ ತೇಲುವ ಹಕ್ಕಿಯ ವಿಚಾರವನ್ನು.

ಇಪ್ಪತ್ತನೆಯ ವಯಸ್ಸಿನಲ್ಲಿ ಜಿರೊ ಗೆದ್ದದ್ದು ಅದೃಷ್ಟದಿಂದಲೇ?

ಅವಕಾಶ ಒದಗಿದ್ದು ಅದೃಷ್ಟದಿಂದ, ಗೆದ್ದದ್ದು ಅಲ್ಲ. 1940ರಲ್ಲಿ ಲೆನ್ಯಾನೊ ತಂಡ ಅವರನ್ನು ಸೇರಿಸಿಕೊಂಡದ್ದು ನಾಯಕ ಜಿನೊ ಬಾರ್ತಲಿಯವರಿಗೆ ಸಹಾಯಕನಾಗಿ ದುಡಿಯಲು. ಎರಡನೆಯ ಹಂತದಲ್ಲೇ ನಾಯಿಯೊಂದು ಅಡ್ಡ ಬಂದು ಬಾರ್ತಲಿ ಬಿದ್ದು ಪೆಟ್ಟು ಮಾಡಿಕೊಂಡರು. ಫ್ಲಾರೆನ್ಸಿನಿಂದ ಮೊದೆನಾಕ್ಕೆ ಸಾಗಿದ ಹನ್ನೊಂದನೆಯ ಹಂತದಲ್ಲಿ, ಮಳೆಯ ನಡುವೆ ಅಬೆತೋನೆ ಘಾಟಿ ಹತ್ತುವಾಗ ಕೊಪ್ಪಿ ಒಬ್ಬರೇ ಮುಂದೆ ಹೋಗಿ ಗುಲಾಬಿ ಜೆರ್ಸಿ ತೊಟ್ಟರು. ಬೆಟ್ಟದ ಹಂತಗಳಲ್ಲಿ ದಣಿದು ಕೈಚೆಲ್ಲುವಂತಾದಾಗ ಅವರನ್ನು ಗದರಿಸಿ ಮುಂದೆ ಸಾಗಿಸಿದವರು ಬಾರ್ತಲಿಯವರೇ. ಅಂದು ಅವರು ಹಾಗೆ ಮಾಡದಿದ್ದರೆ ಮುಂದಿನ ಹದಿನೈದು ವರ್ಷಗಳ ವೈರವೇ ಇರುತ್ತಿರಲಿಲ್ಲವೇನೋ.

ಜಿರೊ ಮುಗಿದದ್ದು ಜೂನ್ 9ರಂದು. ಮರುದಿನ ಇಟಲಿ ಯುದ್ಧ ಸಾರಿತು. ಅಷ್ಟು ಕಿರಿಯ ವಯಸ್ಸಿನಲ್ಲಿ ಆ ರೇಸನ್ನು ಅವರ ನಂತರ ಯಾರೂ ಗೆದ್ದಿಲ್ಲ.

ಗಂಟೆಯ ದಾಖಲೆಯ ಬಗ್ಗೆ ಎರಡು ಅಂಕಿಗಳು ಸಿಗುತ್ತವೆ. ಯಾವುದು ಸರಿ?

ಒಂದು ಗಂಟೆಯಲ್ಲಿ ಟ್ರ್ಯಾಕಿನ ಮೇಲೆ ಒಬ್ಬರೇ ಎಷ್ಟು ದೂರ ಸಾಗಬಲ್ಲರು ಎಂಬ ದಾಖಲೆ ಇದು. 1942ರ ನವೆಂಬರ್ 7ರಂದು ಮಿಲಾನಿನ ವಿಗೊರೆಲ್ಲಿ ಟ್ರ್ಯಾಕಿನಲ್ಲಿ ಕೊಪ್ಪಿ ಸಾಗಿದ ದೂರವನ್ನು ಮೊದಲು 45.871 ಕಿಲೋಮೀಟರ್ ಎಂದು ಪ್ರಕಟಿಸಿ, ನಂತರ 45.798 ಎಂದು ತಿದ್ದಲಾಯಿತು. ಆದ್ದರಿಂದ ಎರಡನೆಯದೇ ಸರಿ. ಹಿಂದಿನ ದಾಖಲೆ ಫ್ರಾನ್ಸಿನ ಮೋರಿಸ್ ಆರ್ಶಾಂಬೊ ಅವರ 45.767, ಅಂತರ ಬರೀ 31 ಮೀಟರ್. ಆದರೆ ಆ ವೇಳೆಗೆ ಕೊಪ್ಪಿ ಸೇನೆಯ ಸಿಪಾಯಿ, ಮಿಲಾನಿನ ಮೇಲೆ ಬಾಂಬ್ ಬೀಳುತ್ತಿದ್ದ ದಿನಗಳು, ತಯಾರಿಗೆ ಬಿಡುವೂ ಹೆಚ್ಚಿರಲಿಲ್ಲ. 1956ರಲ್ಲಿ ಜಾಕ್ ಆಂಕೆತಿಲ್ ಅದೇ ಟ್ರ್ಯಾಕಿನಲ್ಲಿ 46.159 ಕಿಲೋಮೀಟರ್ ಸಾಗುವವರೆಗೂ ಈ ದಾಖಲೆ ಉಳಿಯಿತು.

ಯುದ್ಧ ಅವರಿಂದ ಎಷ್ಟು ವರ್ಷ ಕಿತ್ತುಕೊಂಡಿತು?

ಜಿರೊ 1941ರಿಂದ 1945ರವರೆಗೆ ನಡೆಯಲಿಲ್ಲ, ಟೂರ್ 1940ರಿಂದ 1946ರವರೆಗೆ ನಡೆಯಲಿಲ್ಲ. ಅಂದರೆ ಸವಾರನೊಬ್ಬ ಬೆಳೆದು ಬಲಿಯುವ ಇಪ್ಪತ್ತೊಂದರಿಂದ ಇಪ್ಪತ್ತೈದರ ವಯಸ್ಸು ಪೂರ್ತಿ ಹೋಯಿತು. 1943ರಲ್ಲಿ ಅವರನ್ನು ಉತ್ತರ ಆಫ್ರಿಕಕ್ಕೆ ಕಳಿಸಲಾಯಿತು. ಏಪ್ರಿಲಿನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕರು. 1945ರಲ್ಲಿ ದಕ್ಷಿಣ ಇಟಲಿಗೆ ಮರಳಿ, ಕಸೆರ್ತಾದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರ ಆಳಾಗಿ ಕೆಲಸ ಮಾಡಿದರು. ದೇಶದ ಚಾಂಪಿಯನ್ನನ ಬಳಿ ಓಡಿಸಲು ಸೈಕಲ್ಲೇ ಇರಲಿಲ್ಲ. ನೇಪಲ್ಸಿನ ಪತ್ರಿಕೆಯೊಂದು ಓದುಗರಲ್ಲಿ ಮನವಿ ಮಾಡಿಕೊಂಡಾಗ ಹತ್ತಿರದ ಊರಿನ ಬಡಗಿಯೊಬ್ಬರು ತಮ್ಮ ಸೈಕಲ್ಲನ್ನೇ ತಂದುಕೊಟ್ಟರು.

ಮರಳಿ ಬಂದದ್ದು ಎಷ್ಟು ಗಟ್ಟಿಯಾಗಿ ಎಂಬುದಕ್ಕೆ 1946ರ ಮಾರ್ಚ್ 19ರ ಮಿಲಾನ್–ಸಾನ್ ರೆಮೊ ಸಾಕ್ಷಿ. ಯುದ್ಧ ಮುಗಿದ ನಂತರದ ಮೊದಲ ಆವೃತ್ತಿ. ಈಗ ತಿಳಿ ನೀಲಿಹಸಿರು ಬಣ್ಣದ ಬಿಯಾಂಕಿ ತಂಡದಲ್ಲಿದ್ದ ಕೊಪ್ಪಿ ಮಿಲಾನ್ ದಾಟಿದ ಕೆಲವೇ ಹೊತ್ತಿನಲ್ಲಿ ಸಣ್ಣ ಗುಂಪಿನೊಂದಿಗೆ ಹೊರಟರು. ತುರ್ಕಿನೊ ಘಾಟಿಯಲ್ಲಿ ಕೊನೆಯ ಜತೆಗಾರ ಲೂಸಿಯೆನ್ ತೆಸೇರ್ ಅವರನ್ನೂ ಬಿಟ್ಟು, ಸುರಂಗ ದಾಟಿ ಸಮುದ್ರದ ಕಡೆಗೆ ಒಬ್ಬರೇ ಇಳಿದರು. ಗುರಿಯಲ್ಲಿ ತೆಸೇರ್ ಹದಿನಾಲ್ಕು ನಿಮಿಷ ಹಿಂದಿದ್ದರು. ಮೊದಲಿಗರು ಕೊಪ್ಪಿ ಎಂದು ಹೇಳಿದ ರೇಡಿಯೊ ವೀಕ್ಷಕ ವಿವರಣೆಗಾರರು, ಉಳಿದವರು ಬರುವ ತನಕ ನೃತ್ಯಸಂಗೀತ ಕೇಳಿ ಎಂದರಂತೆ. ಈ ಕಥೆಯನ್ನು ಇಟಲಿಯಲ್ಲಿ ಇಂದಿಗೂ ಹೇಳುತ್ತಾರೆ.

ಬಾರ್ತಲಿಯವರೊಂದಿಗೆ ನಿಜಕ್ಕೂ ವೈರವಿತ್ತೆ?

ಇತ್ತು, ಆದರೆ ಅಭಿಮಾನಿಗಳು ಊಹಿಸಿಕೊಂಡಷ್ಟಿರಲಿಲ್ಲ. 1914ರಲ್ಲಿ ಹುಟ್ಟಿದ ಬಾರ್ತಲಿ ಟಸ್ಕನಿಯವರು, ಬಹಿರಂಗವಾಗಿಯೇ ದೈವಭಕ್ತರು, ಕ್ಯಾಥೊಲಿಕ್ ಚರ್ಚಿಗೆ ಪ್ರಿಯರು. ಕೊಪ್ಪಿ ಮಿತಭಾಷಿ, ಧರ್ಮದ ವಿಚಾರ ಬೀದಿಗೆ ತರದವರು. ಆದ್ದರಿಂದ ಎಡಪಂಥದವರು ಅವರನ್ನು ತಮ್ಮವರೆಂದುಕೊಂಡರು. ಯುದ್ಧಾನಂತರದ ಇಟಲಿ ಎರಡು ಹೋಳಾಗಿದ್ದಾಗ ಪ್ರತಿ ಹೋಳಿಗೂ ಒಬ್ಬ ಸವಾರ ಬೇಕಿತ್ತು. ಕೊಪ್ಪಿ ತಾವಾಗಿ ಯಾವ ಬಾವುಟವನ್ನೂ ಹಿಡಿದದ್ದಿಲ್ಲ.

ವೈರದ ಅತಿ ಕೆಟ್ಟ ದಿನ ಬಂದದ್ದು 1948ರಲ್ಲಿ, ನೆದರ್ಲೆಂಡ್ಸಿನ ವಾಲ್ಕೆನ್‌ಬರ್ಗಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ. ಒಂದೇ ದೇಶದ ತಂಡದಲ್ಲಿದ್ದರೂ ಇನ್ನೊಬ್ಬ ಗೆಲ್ಲಬಾರದೆಂದು ಇಬ್ಬರೂ ಪರಸ್ಪರ ಕಾಯುತ್ತ ಹಿಂದುಳಿದು, ಕೊನೆಗೆ ರೇಸನ್ನೇ ಬಿಟ್ಟರು. ಇಟಲಿಯ ಸೈಕ್ಲಿಂಗ್ ಒಕ್ಕೂಟ ಇಬ್ಬರನ್ನೂ ಅಮಾನತು ಮಾಡಿತು. ಶಿಕ್ಷೆ ಸರಿಯಾಗಿಯೇ ಇತ್ತು.

ಕುನೆಯೊ–ಪಿನೆರೊಲೊ ಹಂತವನ್ನು ಇಷ್ಟು ದೊಡ್ಡದು ಮಾಡಿ ಹೇಳುವುದೇಕೆ?

1949ರ ಜಿರೊದ ಹದಿನೇಳನೆಯ ಹಂತ, ಜೂನ್ 10. ಒಟ್ಟು 254 ಕಿಲೋಮೀಟರ್, ನಡುವೆ ಐದು ಘಾಟಿಗಳು: ಮದ್ದಲೇನಾ, ವಾರ್ಸ್, ಇಜೊವಾರ್, ಮೊಂಜೆನೆವ್ರ್, ಸೆಸ್ತ್ರಿಯೆರೆ. ಇಟಲಿಯಿಂದ ಹೊರಟು ಫ್ರಾನ್ಸಿನೊಳಕ್ಕೆ ಹೊಕ್ಕು ಮರಳುವ ದಾರಿ. ರಸ್ತೆಗಳು ಬಹುಪಾಲು ಡಾಂಬರು ಕಾಣದವು. ಮಳೆ ಬಿದ್ದರೆ ಕೆಸರು, ಒಣಗಿದರೆ ಜಲ್ಲಿ ಮತ್ತು ದೂಳು. ಗೇರುಗಳು ಕೆಲವೇ ಕೆಲವು. ಪಂಕ್ಚರ್ ಆದೀತೆಂದು ಬದಲಿ ಟಯರನ್ನು ಹೆಗಲಿಗೆ ಅಡ್ಡಡ್ಡ ಸುತ್ತಿಕೊಂಡು ಹೋಗುತ್ತಿದ್ದ ಕಾಲ.

ಗುಲಾಬಿ ಜೆರ್ಸಿ ಅದೊಲ್ಫೊ ಲಿಯೋನಿಯವರ ಮೈಮೇಲಿತ್ತು. ಮೊದಲ ಘಾಟಿಯಲ್ಲೇ, ಗುರಿ ಇನ್ನೂ 192 ಕಿಲೋಮೀಟರ್ ದೂರವಿರುವಾಗ ಕೊಪ್ಪಿ ಗುಂಪಿನಿಂದ ಹೊರಬಿದ್ದರು. ಅಷ್ಟು ದೂರದಿಂದ ಒಬ್ಬರೇ ಹೊರಡುವುದು ಯಾವ ಲೆಕ್ಕಾಚಾರಕ್ಕೂ ಕೂಡದ ಮಾತು, ಏಕೆಂದರೆ ಗುಂಪಿನಲ್ಲಿದ್ದವರಿಗೆ ಗಾಳಿಯ ತಡೆ ಕಡಿಮೆ, ಒಂಟಿಯಾದವರಿಗೆ ಪೂರ್ತಿ. ಬೆನ್ನಟ್ಟಿ ಬಂದವರು ಬಾರ್ತಲಿ ಒಬ್ಬರೇ. ಒಂದೊಂದು ಘಾಟಿ ದಾಟಿದಾಗಲೂ ಅಂತರ ಹೆಚ್ಚುತ್ತಲೇ ಹೋಯಿತು. ಸುಮಾರು ಒಂಬತ್ತು ಗಂಟೆ ಇಪ್ಪತ್ತು ನಿಮಿಷ ಪೆಡಲ್ ತುಳಿದ ಮೇಲೆ ಕೊಪ್ಪಿ ಪಿನೆರೊಲೊ ತಲುಪಿದರು. ಬಾರ್ತಲಿ ಬಂದದ್ದು 11 ನಿಮಿಷ 52 ಸೆಕೆಂಡುಗಳ ನಂತರ, ಮೂರನೆಯವರಾದ ಅಲ್ಫ್ರೆದೊ ಮಾರ್ತಿನಿ 19 ನಿಮಿಷಗಳ ನಂತರ. ಒಬ್ಬನೇ ಮುಂದಿದ್ದಾನೆ, ಅವನ ಜೆರ್ಸಿ ಬಿಳಿ ಮತ್ತು ತಿಳಿನೀಲಿ, ಅವನ ಹೆಸರು ಫೌಸ್ಟೊ ಕೊಪ್ಪಿ ಎಂದು ಮಾರಿಯೊ ಫೆರ್ರೆತ್ತಿ ರೇಡಿಯೊದಲ್ಲಿ ಆಡಿದ ಮಾತು ಇಟಲಿಯಲ್ಲಿ ಗಾದೆಯಂತೆ ಉಳಿದಿದೆ.

ಅದೇ ವರ್ಷದ ಟೂರನ್ನು ಅವರು ಅರ್ಧಕ್ಕೇ ಬಿಡಲು ಹೊರಟಿದ್ದರೆ?

ಹೌದು. ಸಾನ್ ಮಾಲೊಗೆ ಹೋಗುವ ಐದನೆಯ ಹಂತದಲ್ಲಿ ಹಳದಿ ಜೆರ್ಸಿಯ ಜಾಕ್ ಮರಿನೆಲ್ಲಿಯವರೊಂದಿಗೆ ಅವರು ಬಿದ್ದರು, ಸೈಕಲ್ ಮುರಿಯಿತು. ತಂಡದ ಕಾರಿನವರು ಕೊಟ್ಟ ಬದಲಿ ಸೈಕಲ್ ತಮ್ಮ ಅಳತೆಯದಲ್ಲವೆಂದು ಹಿಡಿಯಲಿಲ್ಲ. ತಮ್ಮದೇ ಇನ್ನೊಂದು ಸೈಕಲ್ ಇದ್ದ ಕಾರು, ಅದರಲ್ಲಿದ್ದ ತಂಡದ ವ್ಯವಸ್ಥಾಪಕ ಅಲ್ಫ್ರೆದೊ ಬಿಂದಾ, ಎಷ್ಟೋ ಹಿಂದಿದ್ದರು. ಬಿಂದಾ ಬಾರ್ತಲಿಯವರ ಕಡೆಯವರೆಂಬ ಸಂಶಯ ಮೊದಲೇ ಇತ್ತು. ರಸ್ತೆ ಬದಿಯಲ್ಲಿ ನಿಂತಿದ್ದಷ್ಟು ಹೊತ್ತೂ ಆ ಸಂಶಯ ಬೆಳೆಯಿತು. ಮನೆಗೆ ಹೋಗುತ್ತೇನೆ ಎಂದವರನ್ನು ಬಿಂದಾ ಅಂದು ರಾತ್ರಿ ಒಪ್ಪಿಸಿ ಉಳಿಸಿಕೊಂಡರು.

ಆಗ ಕೊಪ್ಪಿ ಮರಿನೆಲ್ಲಿಗಿಂತ ಅರ್ಧ ಗಂಟೆಗೂ ಹೆಚ್ಚು ಹಿಂದಿದ್ದರು. ಪ್ಯಾರಿಸ್ ಸೇರಿದಾಗ ಮರಿನೆಲ್ಲಿ ಮೂರನೆಯವರು, ಕೊಪ್ಪಿಗಿಂತ 25 ನಿಮಿಷ 13 ಸೆಕೆಂಡು ಹಿಂದೆ. ನಡುವೆ ಆಲ್ಪ್ಸ್ ಪರ್ವತಗಳಲ್ಲಿ ಕೊಪ್ಪಿ, ಬಾರ್ತಲಿ ಇಬ್ಬರೂ ಜತೆಯಾಗಿ ಹೋಗಿ ಉಳಿದವರನ್ನು ಚೆದುರಿಸಿದ್ದರು. ಬಾರ್ತಲಿಗೆ ಮೂವತ್ತೈದು ತುಂಬಿದ ಜುಲೈ 18ರಂದು ಬ್ರಿಯಾನ್ಸೊನ್ ಹಂತವನ್ನು ಅವರಿಗೆ ಬಿಟ್ಟುಕೊಟ್ಟು, ಮರುದಿನ ಅಯೊಸ್ತಾ ದಾರಿಯಲ್ಲಿ ಬಾರ್ತಲಿಗೆ ತೊಂದರೆಯಾದಾಗ ಕೊಪ್ಪಿ ಮುಂದೆ ಸಾಗಿ ಹಳದಿ ಜೆರ್ಸಿ ಪಡೆದರು. ಒಂದೇ ವರ್ಷ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದ ಮೊದಲಿಗರು ಅವರು. 1952ರಲ್ಲಿ ಅದನ್ನೇ ಮತ್ತೆ ಮಾಡಿ ತೋರಿಸಿದರು.

‘ಗ್ರೆಗಾರಿಯೊ’ ಎಂದರೇನು?

ನಾಯಕನಿಗಾಗಿ ದುಡಿಯುವ ಸವಾರ. ನೀರು ತರುವುದು, ಗಾಳಿಗೆ ಅಡ್ಡವಾಗಿ ಮುಂದೆ ನಡೆಯುವುದು, ನಾಯಕನಿಗೆ ಪಂಕ್ಚರ್ ಆದರೆ ತನ್ನ ಗಾಲಿ ಬಿಚ್ಚಿಕೊಡುವುದು ಇವರ ಕೆಲಸ. ಕೊಪ್ಪಿಯವರ ಕಾಲದಲ್ಲಿ ಈ ಪದ್ಧತಿ ಹಿಂದೆಂದೂ ಇರದಷ್ಟು ಬಿಗಿಯಾಯಿತು. ಇವರಲ್ಲಿ ಹಲವರನ್ನು ನೋವಿ ಲಿಗುರೆಯಲ್ಲಿ ಕವನ್ನಾ ಅವರೇ ಪಳಗಿಸಿದ್ದರು.

ಇವರಲ್ಲಿ ಅಂದ್ರೆಯಾ ಕರ್ರೆಯಾ ಅವರ ಪ್ರಸಂಗ ಒಂದನ್ನು ಹೇಳಿದರೆ ಸಾಕು. ನಾಜಿಗಳ ಬೂಕೆನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದಿದ್ದ ಈ ಗಟ್ಟಿ ಆಳು, 1952ರ ಟೂರಿನಲ್ಲಿ ಲೊಸಾನ್‌ಗೆ ಹೋಗುವ ಹಂತದಲ್ಲಿ ಮುಂದೆ ಹೊರಟ ಗುಂಪೊಂದನ್ನು ಕಾವಲು ಕಾಯಲು ಅದರೊಡನೆ ಹೋದರು. ಆ ಗುಂಪು ಬಹಳ ಮುಂದೆ ಮುಗಿಸಿದ್ದರಿಂದ ಹಳದಿ ಜೆರ್ಸಿ ಅವರಿಗೇ ಬಂತು. ಸುದ್ದಿ ಕೇಳಿ ಕರ್ರೆಯಾ ಅತ್ತುಬಿಟ್ಟರು: ನಾಯಕನದಾಗಬೇಕಿದ್ದ ಜೆರ್ಸಿ ಸೇವಕನ ಮೈಮೇಲೆ! ಗುರಿಯ ಬಳಿ ಜೆರ್ಸಿ ತೊಟ್ಟು, ರಸ್ತೆ ನೋಡುತ್ತ ಕೊಪ್ಪಿಗಾಗಿ ಕಾದರು. ಕೊಪ್ಪಿ ಬಂದು ಅಭಿನಂದಿಸಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಮರುದಿನ ಜುಲೈ 4. ಟೂರ್ ಮೊದಲ ಬಾರಿಗೆ ಆಲ್ಪ್ ದುಯೆಜ್ ಶಿಖರದಲ್ಲಿ ಮುಗಿದ ದಿನ. ಇಪ್ಪತ್ತೊಂದು ಹೇರ್‌ಪಿನ್ ತಿರುವುಗಳ ಆ ಏರಿನಲ್ಲಿ ಜಾನ್ ರೊಬಿಕ್ ಅವರನ್ನು ಹಿಂದಿಕ್ಕಿ ಕೊಪ್ಪಿ ಗೆದ್ದರು. ಹಳದಿ ಜೆರ್ಸಿ ಕರ್ರೆಯಾ ಅವರಿಂದ ನಾಯಕನಿಗೆ ದಾಟಿತು. ಆ ಟೂರನ್ನು ಅವರು ಗೆದ್ದದ್ದು 28 ನಿಮಿಷ 17 ಸೆಕೆಂಡುಗಳ ಅಂತರದಿಂದ.

ಕೊಪ್ಪಿ, ಬಾರ್ತಲಿ ಇಬ್ಬರೂ ಬಾಟಲಿ ಹಂಚಿಕೊಳ್ಳುವ ಪ್ರಸಿದ್ಧ ಚಿತ್ರದಲ್ಲಿ ಕೊಟ್ಟವರು ಯಾರು?

ಅದು 1952ರ ಟೂರಿನಲ್ಲಿ ಗಾಲಿಬಿಯೆ ಏರಿನ ಚಿತ್ರ. ಕೊಪ್ಪಿ ಮುಂದೆ, ಬಾರ್ತಲಿ ಹಿಂದೆ, ಇಬ್ಬರ ಕೈಯೂ ಒಂದೇ ಬಾಟಲಿಯ ಮೇಲೆ. ಬಾರ್ತಲಿ ಅದು ತಾನು ಕೊಟ್ಟದ್ದು ಎನ್ನುತ್ತಿದ್ದರು, ಕೊಪ್ಪಿಯ ಅಭಿಮಾನಿಗಳು ಒಪ್ಪುವುದಿಲ್ಲ. ಚಿತ್ರದಿಂದ ತೀರ್ಮಾನಿಸಲು ಬರುವುದಿಲ್ಲ, ಅದು ಅಷ್ಟು ಮುಖ್ಯವೂ ಅಲ್ಲ.

‘ಚೀಮಾ ಕೊಪ್ಪಿ’ ಎಂಬ ಹೆಸರು ಹೇಗೆ ಬಂತು?

1953ರ ಜಿರೊದಲ್ಲಿ ಸ್ವಿಟ್ಜರ್ಲೆಂಡಿನ ಹ್ಯೂಗೊ ಕೊಬ್ಲೆ 1 ನಿಮಿಷ 59 ಸೆಕೆಂಡು ಮುಂದಿದ್ದರು. ಬೆಟ್ಟದ ಹಂತ ಉಳಿದಿದ್ದು ಒಂದೇ. ಜೂನ್ 1ರಂದು ರೇಸ್ ಮೊಟ್ಟಮೊದಲ ಬಾರಿಗೆ ಸ್ಟೆಲ್ವಿಯೊ ಘಾಟಿಯನ್ನು, ಅಂದರೆ ಸುಮಾರು 2,750 ಮೀಟರ್ ಎತ್ತರವನ್ನು ಹತ್ತಿತು. ಇಕ್ಕೆಲದಲ್ಲಿ ಹಿಮದ ಗೋಡೆಗಳು. ಕೊಪ್ಪಿ ಅಲ್ಲಿ ಕೊಬ್ಲೆಯವರಿಂದ 3 ನಿಮಿಷ 28 ಸೆಕೆಂಡು ಕಿತ್ತುಕೊಂಡು 1 ನಿಮಿಷ 29 ಸೆಕೆಂಡು ಅಂತರದಲ್ಲಿ ಜಿರೊ ಗೆದ್ದರು. 1965ರಿಂದ ಪ್ರತಿ ವರ್ಷದ ಜಿರೊದ ಅತಿ ಎತ್ತರದ ತಾಣವನ್ನು ಚೀಮಾ ಕೊಪ್ಪಿ, ಅಂದರೆ ಕೊಪ್ಪಿ ಶಿಖರ ಎನ್ನುತ್ತಾರೆ.

ಅವರು ಉತ್ತೇಜಕ ಮದ್ದು ಬಳಸುತ್ತಿದ್ದರೆ?

ಬಳಸುತ್ತಿದ್ದರು, ಮುಚ್ಚಿಡಲಿಲ್ಲ. ಸವಾರರ ಆಡುಮಾತಿನಲ್ಲಿ ಅದಕ್ಕೆ ‘ಬೊಂಬ’ ಎಂದು ಹೆಸರು, ಮುಖ್ಯವಾಗಿ ಆಂಫೆಟಮಿನ್. ಅಗತ್ಯ ಬಿದ್ದಾಗ ಮಾತ್ರ ತೆಗೆದುಕೊಳ್ಳುತ್ತೇನೆ, ಅಗತ್ಯ ಹೆಚ್ಚುಕಡಿಮೆ ಯಾವಾಗಲೂ ಬೀಳುತ್ತದೆ ಎಂಬರ್ಥದ ಅವರ ಉತ್ತರ ಪ್ರಸಿದ್ಧ. ಆಗ ಅದನ್ನು ನಿಷೇಧಿಸುವ ನಿಯಮವಿರಲಿಲ್ಲ. ಟೂರಿನಲ್ಲಿ ಪರೀಕ್ಷೆ ಆರಂಭವಾದದ್ದು 1966ರಲ್ಲಿ. ಈ ಕಾರಣಕ್ಕೆ ಅವರ ಗೆಲುವುಗಳನ್ನು ಅಳಿಸಿಹಾಕುವುದೂ ಸರಿಯಲ್ಲ, ಇದನ್ನು ಬಿಟ್ಟು ಅವರ ಕಥೆ ಹೇಳುವುದೂ ಸರಿಯಲ್ಲ.

‘ಬಿಳಿಯುಡುಪಿನ ಮಹಿಳೆ’ಯ ಪ್ರಕರಣ ಅವರ ವೃತ್ತಿಗೆ ಪೆಟ್ಟು ಕೊಟ್ಟಿತೆ?

ಮನಸ್ಸಿಗೆ ಕೊಟ್ಟ ಪೆಟ್ಟು ಕಾಲಿಗೂ ಇಳಿದಿರಬೇಕು. ಕೊಪ್ಪಿ 1945ರಲ್ಲಿ ಬ್ರೂನಾ ಚಾಂಪೊಲಿನಿಯವರನ್ನು ಮದುವೆಯಾಗಿದ್ದರು, ಮಗಳಿದ್ದಳು. ಅಭಿಮಾನಿಯಾಗಿದ್ದ ವೈದ್ಯರೊಬ್ಬರ ಪತ್ನಿ ಜೂಲಿಯಾ ಒಕ್ಕೀನಿ ಅವರೊಂದಿಗಿನ ಸಂಬಂಧ 1954ರಲ್ಲಿ ಬಯಲಾಯಿತು. ಅವರು ತೊಟ್ಟಿದ್ದ ಬಿಳಿ ಕೋಟನ್ನು ಕಂಡ ಪತ್ರಕರ್ತರು ಕೊಟ್ಟ ಹೆಸರು ಅದು. ಅಂದಿನ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ, ವ್ಯಭಿಚಾರ ಶಿಕ್ಷಾರ್ಹ ಅಪರಾಧ. ಪೊಲೀಸರು ಮನೆಗೆ ಬಂದರು, ಜೂಲಿಯಾ ಕೆಲವು ದಿನ ಜೈಲಿನಲ್ಲಿದ್ದರು, 1955ರಲ್ಲಿ ಅಲೆಸ್ಸಾಂಡ್ರಿಯಾದ ನ್ಯಾಯಾಲಯ ಇಬ್ಬರಿಗೂ ಅಮಾನತಿನಲ್ಲಿಟ್ಟ ಶಿಕ್ಷೆ ವಿಧಿಸಿತು. ಅವರ ಮಗ ಹುಟ್ಟಿದ್ದು ದೂರದ ಅರ್ಜೆಂಟೀನಾದಲ್ಲಿ. ನಿನ್ನೆಯವರೆಗೆ ರಸ್ತೆ ಬದಿಯಲ್ಲಿ ಜೈಕಾರ ಹಾಕಿದವರಲ್ಲಿ ಕೆಲವರು ಈಗ ಬೈಯತೊಡಗಿದರು. ವಿಚ್ಛೇದನದ ಕಾನೂನು ಬಂದದ್ದು 1970ರಲ್ಲಿ, ಕೊಪ್ಪಿ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ.

ಅವರ ಕೊನೆಯ ವರ್ಷಗಳು ಹೇಗಿದ್ದವು?

ಇಳಿಮುಖವಾಗಿದ್ದವು. ಅವರ ಮೂಳೆ ಎಂದೂ ಗಟ್ಟಿಯಲ್ಲ. 1950ರ ಜಿರೊದಲ್ಲಿ ಸೊಂಟದ ಮೂಳೆ, 1951ರಲ್ಲಿ ಕೊರಳೆಲುಬು ಮುರಿದಿದ್ದವು. 1951ರ ಜೂನ್ 29ರಂದು ತಮ್ಮ ಸೆರ್ಸೆ ಟುರಿನ್ನಿನ ರೇಸೊಂದರಲ್ಲಿ ಟ್ರಾಮ್ ಹಳಿಗೆ ಗಾಲಿ ಸಿಕ್ಕಿ ಬಿದ್ದರು. ರೇಸ್ ಮುಗಿಸಿ ಹೋಟೆಲಿಗೆ ಮರಳಿದ ಮೇಲೆ ಸ್ಥಿತಿ ಕೆಟ್ಟು ಅಂದೇ ತೀರಿಕೊಂಡರು. ಆ ಪೆಟ್ಟಿನಿಂದ ಅಣ್ಣ ಪೂರ್ತಿ ಹೊರಬರಲಿಲ್ಲ ಎನ್ನುತ್ತಾರೆ. ಆದರೂ 1955ರ ಜಿರೊವನ್ನು ಫಿಯೊರೆಂಜೊ ಮಾನ್ಯಿಯವರಿಗೆ ಸೋತದ್ದು ಕೇವಲ 13 ಸೆಕೆಂಡುಗಳಿಂದ. 1956ರ ಲೊಂಬಾರ್ಡಿಯಾದಲ್ಲಿ ಗುರಿಗೆರೆಯ ಬಳಿ ಆಂದ್ರೆ ದಾರಿಗಾದ್ ತಮ್ಮನ್ನು ದಾಟಿ ಗೆದ್ದಾಗ ಕೊಪ್ಪಿ ಅತ್ತರು. ಆ ಹೊತ್ತಿಗೆ ನಿಲ್ಲಿಸಬಹುದಿತ್ತು ಎಂದು ದೂರ ಕುಳಿತ ನಮಗನಿಸುತ್ತದೆ. ಅವರು ಮತ್ತೆ ಮೂರು ವರ್ಷ ಓಡಿಸಿದರು.

ಅವರು ಸತ್ತದ್ದು ಹೇಗೆ?

ಮಲೇರಿಯಾದಿಂದ. 1959ರ ಡಿಸೆಂಬರಿನಲ್ಲಿ ಕೊಪ್ಪಿ, ಫ್ರಾನ್ಸಿನ ಸವಾರರಾದ ರಾಫಾಯೆಲ್ ಜೆಮಿನಿಯಾನಿ, ಆಂಕೆತಿಲ್ ಮುಂತಾದವರು ಇಂದು ಬುರ್ಕಿನಾ ಫಾಸೊ ಎನಿಸಿಕೊಂಡಿರುವ ಅಪ್ಪರ್ ವೋಲ್ಟಾಕ್ಕೆ ಹೋಗಿ, ಒಂದು ಪ್ರದರ್ಶನ ರೇಸ್ ಓಡಿಸಿ, ಬೇಟೆಯಾಡಿ ಮರಳಿದರು. ಕ್ರಿಸ್‌ಮಸ್ ಆಸುಪಾಸಿನಲ್ಲಿ ಜೆಮಿನಿಯಾನಿ, ಕೊಪ್ಪಿ ಇಬ್ಬರಿಗೂ ಜ್ವರ ಬಂತು. ಫ್ರಾನ್ಸಿನ ವೈದ್ಯರು ಜೆಮಿನಿಯಾನಿಯವರ ರಕ್ತ ಪರೀಕ್ಷಿಸಿ ಮಲೇರಿಯಾ ಎಂದು ಕಂಡುಕೊಂಡು ಕ್ವಿನೈನ್ ಕೊಟ್ಟದ್ದರಿಂದ ಅವರು ಬದುಕಿದರು. ಇಟಲಿಯಲ್ಲಿ ಬೇರೆ ರೋಗವೆಂದು ಭಾವಿಸಿ ಚಿಕಿತ್ಸೆ ನಡೆಯಿತು. ಜೆಮಿನಿಯಾನಿ ಕುಟುಂಬದಿಂದ ಬಂದ ಎಚ್ಚರಿಕೆಯ ಕರೆಗೂ ಬೆಲೆ ಸಿಗಲಿಲ್ಲ. ಜನವರಿ 2ರ ಬೆಳಿಗ್ಗೆ ತೊರ್ತೋನಾದ ಆಸ್ಪತ್ರೆಯಲ್ಲಿ ಕೊಪ್ಪಿ ಕೊನೆಯುಸಿರೆಳೆದರು. ವಿಷಪ್ರಾಶನದ ವದಂತಿಯೊಂದು 2002ರಲ್ಲಿ ಹುಟ್ಟಿ ತನಿಖೆಯಲ್ಲಿ ಬಿದ್ದುಹೋಯಿತು. 1960ರ ಋತುವಿಗೆ ಅವರು ಹೊಸ ತಂಡವೊಂದಕ್ಕೆ ಒಪ್ಪಿಕೊಂಡಿದ್ದರು. ಅದರ ವ್ಯವಸ್ಥಾಪಕರು ಬಾರ್ತಲಿ.

ಅವರ ನೆನಪಿನ ತಾಣಗಳನ್ನು ನೋಡಬಹುದೆ?

ಕಾಸ್ತೆಲ್ಲಾನಿಯಾದಲ್ಲಿ ಅವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಹತ್ತಿರದಲ್ಲೇ ಅಣ್ಣತಮ್ಮಂದಿರ ಸಮಾಧಿಗಳು ಅಕ್ಕಪಕ್ಕ ಇವೆ. ಶತಮಾನೋತ್ಸವದ ವರ್ಷವಾದ 2019ರಲ್ಲಿ ಆ ಊರಿನ ಹೆಸರನ್ನು ಅಧಿಕೃತವಾಗಿ ಕಾಸ್ತೆಲ್ಲಾನಿಯಾ ಕೊಪ್ಪಿ ಎಂದು ಬದಲಿಸಲಾಗಿದೆ. ಫ್ರಾನ್ಸಿನ ಇಜೊವಾರ್ ಘಾಟಿಯಲ್ಲಿ, ಗಿಡಮರಗಳಿಲ್ಲದೆ ಕಲ್ಲುಕಂಬಗಳಷ್ಟೇ ಎದ್ದು ನಿಂತ ಇಳಿಜಾರಿನಲ್ಲಿ, ಕೊಪ್ಪಿ ಮತ್ತು ಫ್ರಾನ್ಸಿನ ಸವಾರ ಲೂಯಿಸೊನ್ ಬೊಬೆ ಇಬ್ಬರ ಸ್ಮಾರಕ ಫಲಕಗಳಿವೆ. ಸೈಕಲ್ಲಿನಲ್ಲಿ ಹತ್ತಿ ಬಂದವರು ಅಲ್ಲಿ ಇಳಿದು, ಬಾಟಲಿಯ ನೀರು ಕುಡಿದು, ಮತ್ತೆ ಹೊರಡುತ್ತಾರೆ.